ಆಚೆ ದಂಡೆಯಲ್ಲಿ ತುಂಬಿದ ಉಡಿ

ನಮ್ಮನ್ನು ಕರೆದೊಯ್ಯಲು ಬಂದ ದೋಣಿಗೆ ಹಾಯಿ ಕಟ್ಟಿದ್ದರು. ಅದನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಮ್ಮೂರಿನವರು ಭೀಮಾ ನದಿ ದಾಟುತ್ತಿದ್ದದ್ದು ಹರಿಗೋಲಿನಲ್ಲಿ. ಆಡು, ಜೋಳದ ಚೀಲ, ಬಾಣಂತಿ, ಮುದುಕರು ಎಲ್ಲರೂ ಒಂದೇ ಬುಟ್ಟಿಯಲ್ಲಿ ಕೂತು ಗರಗರ ತಿರುಗುತ್ತ ಆಚೆ ದಂಡೆ ಸೇರುತ್ತಿದ್ದರು. ಹಾಯಿಯ ದೋಣಿ ಬರುತ್ತಿದ್ದದ್ದು ದೊಡ್ಡ ಮನುಷ್ಯರಿಗೆ. ನಾವು ದೊಡ್ಡ ಮನುಷ್ಯರಾಗಿರಲಿಲ್ಲ. ಆದರೂ ಆ ಶುಕ್ರವಾರ ಬೆಳಿಗ್ಗೆ ಅಂಬಿಗ ದೋಣಿಯನ್ನು ದಂಡೆಗೆ ತಂದು ನಿಲ್ಲಿಸಿ, ನಾನು ಹತ್ತಲಿ ಎಂದು ಹಲಗೆ ಹಾಕಿ, "ಸಾವಕಾಶ ಬರ್ರಿ ಅವ್ವಾರ" ಎಂದ. ಹದಿನೆಂಟು ವರ್ಷದ ನನ್ನನ್ನು ಅವ್ವಾರ ಎಂದವನು ಅವನೇ ಮೊದಲು. ನಾನು ಹಿಗ್ಗಿಹೋದೆ. ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹುಡುಗಿಗೆ ಇಷ್ಟು ಮರ್ಯಾದೆ ಸಿಗುವುದು ಸಹಜವೇ ಎಂದು ಅಂದುಕೊಂಡ ಬೆಪ್ಪು ನಾನು.

ನಡೆದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಯಾತಕ್ಕೆಂದು ನಿಮಗೆ ತಿಳಿಯುವುದಿಲ್ಲ. ಆ ದಿನ ನನ್ನನ್ನು ಆಚೆ ದಂಡೆಯ ಒಂದು ಮನೆಗೆ ಸೊಸೆಯಾಗಿ ಗೊತ್ತು ಮಾಡಲು ಕರೆದುಕೊಂಡು ಹೋಗುತ್ತಿದ್ದರು. ಅದು ಅಪ್ಪನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ಅಂಬಿಗನಿಗೆ ಗೊತ್ತಿತ್ತು. ನನಗೆ ಮಾತ್ರ ಹೇಳಿರಲಿಲ್ಲ. ನನಗೆ ಹೇಳಿದ್ದು ಬೇರೆ. ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಇತ್ತಂತೆ, ನನಗೆ ಶಿಕ್ಷಕರ ತರಬೇತಿಯ ಸೀಟು ಸಿಕ್ಕರೆ ಬಂದು ಹಣ್ಣುಕಾಯಿ ಮಾಡಿಸುತ್ತೇವೆ ಎಂದು ಅಪ್ಪ ಬೇಡಿಕೊಂಡಿದ್ದನಂತೆ.

ಸೀಟು ಸಿಕ್ಕಿದ್ದು ನಿಜ. ಶಾಲೆ ಮುಗಿಸಿ ಎರಡು ವರ್ಷ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕೂತಿದ್ದೆ. ಅರ್ಜಿ ಹಾಕಿದ್ದೂ ನಾನೇ, ಪೋಸ್ಟಿನವನ ದಾರಿ ಕಾದದ್ದೂ ನಾನೇ. ಸೋಮವಾರದೊಳಗೆ ಬಂದು ಹಾಜರಾಗಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂದು ಕಾಗದದಲ್ಲಿ ಬರೆದಿತ್ತು. ಆ ಕಾಗದವನ್ನು ಅಪ್ಪ ಜೋಪಾನವಾಗಿರಲಿ ಎಂದು ತನ್ನ ಕೋಟಿನ ಕಿಸೆಯಲ್ಲಿ ಇಟ್ಟುಕೊಂಡಿದ್ದ. "ಹರಕಿ ತೀರಿಸಿ ಬರೂಣು, ಆಮ್ಯಾಲ ಸೋಮವಾರ ನಾನೇ ಬಸ್ಸ ಹತ್ತಸ್ತೀನಿ" ಎಂದಿದ್ದ. ನಾನು ನಂಬಿದೆ. ಹೆತ್ತ ಅಪ್ಪನ ಮಾತನ್ನು ನಂಬದೆ ಇನ್ಯಾರ ಮಾತನ್ನು ನಂಬಬೇಕಿತ್ತು?

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಭೀಮೆಯ ಆಚೆ ದಂಡೆ ಇನ್ನೂ 'ಮೊಗಲಾಯಿ'ಯೇ ಆಗಿತ್ತು. ಹಿಂದೆ ನದಿಯ ಆ ಕಡೆ ನಿಜಾಮನ ರಾಜ್ಯ, ಈ ಕಡೆ ಇಂಗ್ಲಿಷರದು. ರಾಜ್ಯಗಳು ಹೋಗಿ ಎರಡೂ ದಂಡೆ ಒಂದೇ ಕರ್ನಾಟಕವಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಅಫಜಲಪುರದ ಕಡೆಗೆ ಹೋಗುವುದೆಂದರೆ ಪರದೇಶಕ್ಕೆ ಹೋದ ಹಾಗೆ. ನಾವು 'ಐತಿ' ಅಂದರೆ ಅವರು 'ಅದ' ಅನ್ನುತ್ತಿದ್ದರು. ಅವರ ಚಹಾ ಬೇರೆ, ಅವರು ಶೇರು ಅಳೆಯುವ ರೀತಿ ಬೇರೆ. ನಾನು ಅಲ್ಲಿಯವರೆಗೆ ನದಿಯನ್ನು ದಾಟಿಯೇ ಇರಲಿಲ್ಲ. ಹಾಗಾಗಿ ದೋಣಿ ನೀರಿಗಿಳಿದಾಗ ನನಗೆ ಆದ ಸಂತೋಷವನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಕನಿಕರ ಬರುತ್ತದೆ.

ಘತ್ತರಗಿ ನಮ್ಮೂರಿಗಿಂತ ಕೆಳಗಿತ್ತು. ನೀರಿನ ಸೆಳೆತವೂ ಆ ಕಡೆ, ಪಡುವಣ ಗಾಳಿಯೂ ಆ ಕಡೆ. ಅಂಬಿಗ ಹುಟ್ಟು ಒಳಗೆಳೆದುಕೊಂಡು ಹಗ್ಗ ಸಡಿಲಿಸಿದ. ಗೋಣಿತಟ್ಟಿನ ತೇಪೆ ಹಚ್ಚಿದ ಹಾಯಿ ಪಟ್ ಎಂದು ಹಿಗ್ಗಿತು. ಮಳೆಗಾಲದ ಕೆಂಪು ನೀರು ದೋಣಿಯ ಬದಿಗೆ ಬಡಿಯುತ್ತಿತ್ತು. ಅಪ್ಪ ಸೆಕೆಯೆಂದು ಕೋಟು ಬಿಚ್ಚಿ ಅವ್ವನ ತೊಡೆಯ ಮೇಲೆ ಹಾಕಿದ. ಅವ್ವ ಅದನ್ನು ಮಡಚಿಕೊಂಡು ತಲೆ ತಗ್ಗಿಸಿ ಕೂತಳು. ನಾನು ಮುಂದಿನ ತುದಿಗೆ ಹೋಗಿ ಕೂತೆ. ದಂಡೆಯ ಜಾಲಿಮರಗಳು ಹಿಂದೆ ಸರಿಯುತ್ತಿದ್ದವು. ಭೂಗೋಳದ ಪುಸ್ತಕದಲ್ಲಿ ಹಾಯಿ ಹಡಗುಗಳು ಬಂದರು ಸೇರುವ ಚಿತ್ರ ನೋಡಿದ್ದೆ. ಇದನ್ನೇ ಮಕ್ಕಳಿಗೆ ಹೇಳಿ ಪಾಠ ಮಾಡಬೇಕು ಎಂದು ಮನಸ್ಸಿನಲ್ಲೇ ಪಾಠ ಕಟ್ಟುತ್ತಿದ್ದೆ.

ಘತ್ತರಗಿಯ ದಂಡೆಯಲ್ಲಿ ಜನವೋ ಜನ. ಹೊಳೆಯಲ್ಲಿ ಮುಳುಗೆದ್ದ ಹೆಂಗಸರು ಒದ್ದೆ ಸೀರೆಯಲ್ಲಿ, ಬಾಯಲ್ಲಿ ಬೇವಿನೆಲೆ ಕಚ್ಚಿಕೊಂಡು ಗುಡಿಯ ಕಡೆ ಹೋಗುತ್ತಿದ್ದರು. ಕೆಲವರು ನೆಲದ ಮೇಲೆ ಉದ್ದಕ್ಕೆ ಬಿದ್ದು ಎದ್ದು ದೀಡ ನಮಸ್ಕಾರ ಹಾಕುತ್ತಿದ್ದರು. ನಾವು ಇಳಿಯುವ ಜಾಗದಲ್ಲಿ ದೊಡ್ಡ ಮೂಗುತಿಯ, ಹಸಿರು ಪತ್ತಲ ಉಟ್ಟ ಹೆಂಗಸೊಬ್ಬಳು ನಾಲ್ಕಾರು ಹೆಂಗಸರೊಂದಿಗೆ ನಿಂತಿದ್ದಳು. ಅಪ್ಪ ಅವಳಿಗೆ ಬಾಗಿ ಕೈಮುಗಿದ. "ಇವರು ಈ ಊರ ಗೌಡಶಾನಿ. ನಮ್ಮ ಗುರ್ತಿನವರು. ಊಟ ಇವರ ಮನ್ಯಾಗ" ಎಂದ. ಅವಳು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಎತ್ತಿನ ಸಂತೆಯಲ್ಲಿ ಹಾಗೆ ನೋಡುತ್ತಾರೆ. ದೊಡ್ಡ ಮನೆಯವರ ನೋಟವೇ ಹಾಗಿರಬಹುದು ಎಂದುಕೊಂಡೆ.

ಗುಡಿಯಲ್ಲಿ ನೂಕುನುಗ್ಗಲು. ಗೌಡಶಾನಿ ಬಂದಳೆಂದು ದಾರಿ ಬಿಟ್ಟರು. ಕಾಯಿ ಒಡೆಸಿ ಮಂಗಳಾರತಿ ಆದಮೇಲೆ ಅವಳು ದೇವಿಯ ಮುಂದೆ ಇಟ್ಟಿದ್ದ ತಾಟನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದಳು.

"ಬಾ ಮಗಳ. ದೇವಿ ಪ್ರಸಾದ ಅದ. ಸೆರಗ ಹಿಡಿ."

ನಾನು ಸೆರಗು ಹಿಡಿದೆ. ಅವಳು ಐದು ಸಲ ಬೊಗಸೆ ತುಂಬಿ ಅಕ್ಕಿ ಹಾಕಿದಳು. ಮೇಲೆ ಒಂದು ತೆಂಗಿನಕಾಯಿ, ಐದು ಉತ್ತತ್ತಿ, ಬೆಲ್ಲದ ಅಚ್ಚು, ಅಡಿಕೆ, ಅರಿಶಿನದ ಕೊಂಬು, ಒಂದು ಕುಬಸದ ಖಣ. ಹಣೆಗೆ ಕುಂಕುಮ ಹಚ್ಚಿದಳು. ಇದಕ್ಕೆ ಉಡಿ ತುಂಬುವುದು ಎನ್ನುತ್ತೇವೆ. ಮದುವೆ ಗೊತ್ತಾದಾಗಲೂ ಗಂಡಿನ ಕಡೆಯವರು ಹುಡುಗಿಗೆ ಉಡಿ ತುಂಬುತ್ತಾರೆ, ಅದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಮ್ಮ ದಂಡೆಯಲ್ಲಿ ಆ ಉಡಿ ತುಂಬುವುದು ಹುಡುಗಿಯ ಮನೆಯಲ್ಲಿ, ಮಣೆಯ ಮೇಲೆ ಕೂಡಿಸಿ, ಓಣಿಯ ಜನರನ್ನೆಲ್ಲ ಕರೆದು. ಗುಡಿಯಲ್ಲಿ ಹಾಕುವ ಉಡಿ ಬೇರೆ. ಅದನ್ನು ದೇವಿಗೆ ಬಂದ ಯಾವ ಹೆಣ್ಣುಮಗಳಿಗಾದರೂ ಹಾಕುತ್ತಾರೆ. ಅದು ಪ್ರಸಾದ. ಮನೆಗೆ ತಂದು ಓಣಿಗೆಲ್ಲ ಚೂರು ಚೂರು ಹಂಚುತ್ತೇವೆ. ಹಾಗಾಗಿ ನಾನು ದೇವಿಗೆ ಕೈಮುಗಿದು, ಗೌಡಶಾನಿಯ ಕಾಲಿಗೂ ಬಿದ್ದು, ಉಡಿಯನ್ನು ನಡುವಿಗೆ ಸಿಕ್ಕಿಸಿಕೊಂಡೆ. ಸುತ್ತ ನಿಂತ ಹೆಂಗಸರು ಗುಸುಗುಸು ನಕ್ಕರು. ಅವ್ವ ಕಂಬದ ಹಿಂದೆ ನಿಂತಿದ್ದಳು, ಅವಳ ಮುಖ ನನಗೆ ಕಾಣಲಿಲ್ಲ.

ಹೊರಗೆ ಬಂದಮೇಲೆ ಅಪ್ಪ ಒಂದು ಆಶ್ಚರ್ಯದ ಮಾತು ಆಡಿದ. "ನಾವು ಗೌಡರ ಮನ್ಯಾಗ ಕುಂತಿರ್ತೀವಿ. ನೀ ಊರ ನೋಡ್ಕೊಂಡ ಬಾ ಹೋಗು. ಒಬ್ಬಾಕೇ ಹೋಗು, ಏನ ಆಗೂದಿಲ್ಲ."

ನಮ್ಮೂರಲ್ಲಿ ಪೋಸ್ಟ್ ಆಫೀಸಿಗೆ ಒಬ್ಬಳೇ ಹೋದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ ಅಪ್ಪ ಇವನು. ಪರ ಊರಿನಲ್ಲಿ ಒಬ್ಬಳೇ ಅಡ್ಡಾಡಿ ಬಾ ಎನ್ನುತ್ತಿದ್ದಾನೆ! ಅದರ ಗುಟ್ಟು ನನಗೆ ಆಮೇಲೆ ತಿಳಿಯಿತು. ಗೌಡಶಾನಿಯ ಬಳಗ ಊರ ತುಂಬ ಇತ್ತು. ಹುಡುಗಿ ಹೇಗೆ ನಡೆಯುತ್ತಾಳೆ, ಹೇಗೆ ಮಾತಾಡುತ್ತಾಳೆ, ಎಲ್ಲರೂ ತಮ್ಮ ತಮ್ಮ ಬಾಗಿಲಲ್ಲೇ ನಿಂತು ನೋಡಲಿ ಎಂದು ನನ್ನನ್ನು ಬೀದಿಗೆ ಬಿಟ್ಟಿದ್ದರು. ಅವತ್ತಿನ ಸ್ವಾತಂತ್ರ್ಯವೂ ಅವರ ಲೆಕ್ಕಾಚಾರದ್ದೇ ಆಗಿತ್ತು. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಆಗ ಮಾತ್ರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಹಾಸುಗಲ್ಲು ಹೊದಿಸಿದ ಸಂದಿಗಳು, ಮಣ್ಣಿನ ಮಾಳಿಗೆಯ ಮನೆಗಳು. ಒಂದು ಅಂಗಡಿಯ ಹಲಗೆಯ ಮೇಲೆ ಹೊಸ ಕನ್ನಡ ಅಕ್ಷರದ ಕೆಳಗೆ ಹಳೆಯ ಉರ್ದು ಅಕ್ಷರಗಳು ಮಾಸಲಾಗಿ ಕಾಣುತ್ತಿದ್ದವು. ಅದನ್ನು ನಿಂತು ನೋಡಿದೆ. ಮುಂದೆ ಎರಡು ಕೋಣೆಯ ಶಾಲೆ ಸಿಕ್ಕಿತು. ಕಿಟಕಿಯಲ್ಲಿ ಇಣುಕಿದೆ. ಮಕ್ಕಳು ನೆಲದ ಮೇಲೆ ಕೂತು ಮಗ್ಗಿ ಕೂಗುತ್ತಿದ್ದರು, ಗೋಡೆಯ ಮೇಲೆ ನಕಾಶೆ ಇರಲಿಲ್ಲ. ಇಂಥ ಕೋಣೆಯಲ್ಲಿ ನಕಾಶೆಯನ್ನು ಯಾವ ಗೋಡೆಗೆ ಹಾಕಿದರೆ ಎಲ್ಲರಿಗೂ ಕಾಣುತ್ತದೆ ಎಂದು ಯೋಚಿಸಿದೆ. ಸೋಮವಾರ ಬರಲು ಇನ್ನು ಮೂರೇ ದಿನ.

ಚಹಾದ ಅಂಗಡಿಯವನು ಕಪ್ಪು-ಬಶಿ ತೊಳೆದು ಕೊಟ್ಟ ಚಹಾಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. "ನಿಮ್ಮ ಕಡೆ ತಗೊಂಡ್ರ ನಾವು ಈ ಊರಾಗ ಇರೋದು ಬ್ಯಾಡೇನ್ರಿ?" ಎಂದು ನಕ್ಕ. ಹೂವಿನವಳು ಕರೆದು ಮಲ್ಲಿಗೆಯ ಮಾಲೆಯನ್ನು ತಾನೇ ನನ್ನ ಜಡೆಗೆ ಸಿಕ್ಕಿಸಿದಳು. ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ನನ್ನ ತೋಳು ಹಿಡಿದು ಒತ್ತಿ ನೋಡಿ, "ಸಣಕಲ ಅದ. ರೊಟ್ಟಿ ಬಡೀಲಾಕ ಬರ್ತದೇನ ನಿಂಗ?" ಎಂದು ಕೇಳಿದಳು. ಬರುತ್ತದೆ ಅಂದೆ. "ದಿನಾ ಎಷ್ಟ ಬಡೀತಿ?" ಎಂದಳು. ಮೊಗಲಾಯಿ ಜನ ಎಷ್ಟು ಒಳ್ಳೆಯವರು, ಗುರುತು ಪರಿಚಯ ಇಲ್ಲದವರನ್ನೂ ಮನೆಯ ಮಗಳಂತೆ ಮಾತಾಡಿಸುತ್ತಾರಲ್ಲ ಎಂದು ನನ್ನ ಕಣ್ಣು ತುಂಬಿ ಬಂತು. ನಡುವಿನಲ್ಲಿ ಉಬ್ಬಿದ ಉಡಿ ಇಟ್ಟುಕೊಂಡು, ಕೊರಳಲ್ಲಿ ತಾಳಿ ಇಲ್ಲದ ಹುಡುಗಿ ಬೀದಿಯಲ್ಲಿ ನಡೆದರೆ ಆ ಊರಿಗೆ ಅದು ಡಂಗುರ ಹೊಡೆದ ಹಾಗೆ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಗೊತ್ತಾದದ್ದು ಬಳೆಯ ಅಂಗಡಿಯಲ್ಲಿ. ಗುಡಿಯ ಹಿಂದಿನ ಸಂದಿಯಲ್ಲಿ ಒಬ್ಬ ಮುಸಲ್ಮಾನರ ಹೆಂಗಸು ಹಲಗೆಯ ಮೇಲೆ ಬಳೆ ಹರಡಿಕೊಂಡು ಕೂತಿದ್ದಳು. ತರಬೇತಿಗೆ ಹೋಗುವಾಗ ತೊಟ್ಟುಕೊಳ್ಳಲು ಸಾದಾ ಬಳೆ ತೆಗೆದುಕೊಳ್ಳೋಣ ಎಂದು ಹೋದೆ. ಅವಳು ನನ್ನ ಉಡಿ ನೋಡಿ, ಮುಖ ನೋಡಿ, ಹಿಗ್ಗಿನಿಂದ ಸರಿದು ಜಾಗ ಕೊಟ್ಟಳು.

"ಬಾ ಬೇಟಿ, ಕೂಡು. ನಿನ್ನ ಬಳಿ ತಯಾರ ಅವ."

"ನನ್ನ ಬಳಿ?"

"ಹಾಂ. ಹಸರು ಗಾಜಿನವು, ಎರಡು ಕೈಗೂ. ಗೌಡಶಾನಿ ಹೇಳಿ ಹೋಗಿ ಹದಿನೈದ ದಿನ ಆಯ್ತು. ಅಳತಿ ಬರೋಬ್ಬರಿ ಅದನೋ ಇಲ್ಲೋ ಅಂತ ಚಿಂತಿ ಇತ್ತು. ನೀನೇ ಬಂದಿ, ಭಾಳ ಛಲೋ ಆಯ್ತು."

ಹೀಗೆ ಹೇಳುತ್ತ ಅವಳು ತಗಡಿನ ಡಬ್ಬಿಯಿಂದ ಒಂದು ಬಳೆ ತೆಗೆದು ತೋರಿಸಿದಳು. ಅದು ನನ್ನದೇ. ಕೆಂಪು ಬಳೆ, ಒಂದು ಕಡೆ ಚುಕ್ಕೆ ಹಾರಿಹೋಗಿತ್ತು. ಒಂದು ತಿಂಗಳಿನಿಂದ ಅದನ್ನು ಮನೆಯಲ್ಲಿ ಹುಡುಕುತ್ತಿದ್ದೆ. "ಒಡದಿರಬೇಕು, ಬಿಡು" ಎಂದಿದ್ದಳು ಅವ್ವ. ಅವ್ವನೇ ಅದನ್ನು ಅಳತೆಗೆಂದು ನದಿ ದಾಟಿಸಿ ಕಳಿಸಿದ್ದಳು.

ನಾನು ಆ ಬಳೆಯನ್ನೇ ನೋಡುತ್ತ ನಿಂತದ್ದನ್ನು ಕಂಡು ಬಳೆಗಾರ್ತಿಯ ನಗು ನಿಂತಿತು. "ನಿಂಗ ಗೊತ್ತಿಲ್ಲೇನು?" ಎಂದು ಮೆಲ್ಲಗೆ ಕೇಳಿದಳು. ಆಮೇಲೆ ಒಂದೊಂದಾಗಿ ಹೇಳಿದಳು. ಗೌಡರ ಕಿರಿಯ ಮಗ ಆಳಂದದಲ್ಲಿ ತೊಗರಿಯ ಅಡತಿ ಅಂಗಡಿ ನೋಡಿಕೊಂಡಿದ್ದಾನೆ, ಇವತ್ತು ಪೇಟೆ ಬಿಟ್ಟು ಬರಲು ಆಗಲಿಲ್ಲವಂತೆ. ಗೌಡರ ಮನೆಯಲ್ಲಿ ಹಿಂದಿನಿಂದಲೂ ಹುಡುಗಿಗೆ ಉಡಿ ತುಂಬುವುದು ದೇವಿಯ ಮುಂದೆಯೇ. "ಮನ್ಯಾಗ ಮಾಡೋದು ಬರೇ ಶಾಸ್ತ್ರ ಬೇಟಿ. ಗುಡ್ಯಾಗ ತುಂಬಿದ್ದೇ ಪಕ್ಕಾ. ದೇವೀನೇ ಸಾಕ್ಷಿ ಆದ್ಲಲ್ಲ" ಎಂದಳು.

ಮದುವೆಯಾಗುವ ಗಂಡು ಪೇಟೆ ಬಿಟ್ಟು ಬರಲು ಆಗಲಿಲ್ಲವಂತೆ! ಅವನ ಒಂದು ದಿನದ ತೊಗರಿ ನನ್ನ ಇಡೀ ಬದುಕಿಗಿಂತ ಹೆಚ್ಚಿನದಾಯಿತು. ಬಳೆಗಾರ್ತಿ ಹಸಿರು ಬಳೆಗಳನ್ನು ಕಾಗದದಲ್ಲಿ ಸುತ್ತಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು.

"ನಿನಗ ಮನಸ ಅದನೇನು?"

ಆ ಇಡೀ ದಿನ ಆ ಪ್ರಶ್ನೆಯನ್ನು ನನ್ನನ್ನು ಕೇಳಿದವಳು ಅವಳೊಬ್ಬಳೇ. ಇಲ್ಲ ಅಂದೆ. ಸೋಮವಾರದ ಸೀಟಿನ ಮಾತು ಹೇಳಿದೆ. "ಹಂಗಾರ ನಾ ತೊಡ್ಸಂಗಿಲ್ಲ. ಗೌಡಶಾನಿ ಬಂದು ಕೇಳಿದ್ರೂ ಅಳತಿ ಕೂಡಲಿಲ್ಲ ಅಂತ ಹೇಳ್ತೀನಿ. ಮುಂದಿಂದು ನಿನ್ನ ಕೈಯಾಗ" ಎಂದು ನನ್ನ ಕೆಂಪು ಬಳೆಯನ್ನು ನನಗೇ ಕೊಟ್ಟಳು. ಗೌಡಶಾನಿಯ ಊರಿನಲ್ಲಿ ವ್ಯಾಪಾರ ಮಾಡಿ ಬದುಕುವ ಹೆಂಗಸು ಅವಳು. ಅಷ್ಟು ಹೇಳುವುದಕ್ಕೂ ಎದೆ ಬೇಕು.

ಗೌಡರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ದಾರಿಯಲ್ಲಿದ್ದವರೆಲ್ಲ ಕೇಳದೆಯೇ ತೋರಿಸಿದರು. ಪಡಸಾಲೆಯಲ್ಲಿ ಹೋಳಿಗೆ ಊಟ ಮುಗಿದು ಗಂಡಸರು ಎಲೆ ಅಡಿಕೆ ಹಾಕುತ್ತಿದ್ದರು. ಹೊಸ್ತಿಲಿನ ಹೊರಗೆ ಚಪ್ಪಲಿ ಬಿಡುವಾಗ ಅಪ್ಪನ ದನಿ ಕೇಳಿಸಿತು.

"ಓದಿನ ಮಾತ ಬಿಡ್ರಿ. ಸೀಟಿನ ಕಾಗದ ನನ್ನ ಕೋಟಿನಾಗೇ ಐತಿ. ಹರದು ಒಗದ್ರ ಮುಗೀತು."

ಎಲ್ಲರೂ ನಕ್ಕರು. ನಾನು ಒಳಗೆ ಹೋದೆ. ಗೋಡೆಯ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಕೂತ ಒಂದು ಫೋಟೋ ಇತ್ತು. ಅವರಲ್ಲಿ ನನ್ನ ಗಂಡನಾಗುವವನು ಯಾರು ಎಂದು ತೋರಿಸಬೇಕೆಂದು ಕೂಡ ಯಾರಿಗೂ ಅನಿಸಲಿಲ್ಲ. ಮೂಲೆಯಲ್ಲಿ ಅವ್ವ ಅಪ್ಪನ ಕೋಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಅಪ್ಪಾ, ಸೋಮವಾರ ನಾ ಹೋಗ್ತೀನಿ" ಅಂದೆ.

ಅಪ್ಪ ನಕ್ಕು, "ಊರ ನೋಡಿದಿಲ್ಲ? ಛಲೋ ಐತಿಲ್ಲ?" ಎಂದ. ನನ್ನ ಮಾತು ಅವನ ಕಿವಿಗೆ ಬಿದ್ದೇ ಇಲ್ಲ ಎಂಬಂತೆ ಎಲೆ ಅಡಿಕೆಯ ತಾಟನ್ನು ಗೌಡರ ಕಡೆ ಸರಿಸಿದ. ಗೌಡಶಾನಿ ಒಳಗಿನಿಂದ ಬಂದು ನನ್ನ ಬರಿಗೈ ನೋಡಿದಳು. "ಬಳಿ ತೊಟ್ಟುಕೊಂಡು ಬರ್ಲಿಲ್ಲೇನ? ಇರ್ಲಿ. ಓದಿದ ಹುಡುಗಿ ಅದ, ಮಧ್ಯಾನದಾಗ ನಮಗ ಪುರಾಣ ಓದಿ ಹೇಳ್ಲಿ, ಅಷ್ಟ ಸಾಕು" ಎಂದಳು.

ಕಿರುಚಬೇಕು ಅನಿಸಿತು. ಕಿರುಚಿದರೆ ಏನಾಗುತ್ತದೆಂದೂ ಗೊತ್ತಿತ್ತು. ಹುಡುಗಿ ಹೆದರಿದ್ದಾಳೆ, ಎಲ್ಲ ಹುಡುಗಿಯರೂ ಮೊದಲು ಹೀಗೆಯೇ ಅಳುತ್ತಾರೆ ಎಂದು ಬೆನ್ನು ಸವರುತ್ತಿದ್ದರು. ನನಗೆ ಹಿಡಿದು ನಿಲ್ಲಲು ಅವರದೇ ಒಂದು ಮಾತು ಬೇಕಿತ್ತು.

"ಅವ್ವಾರೀ, ಗುಡ್ಯಾಗ ನೀವು ನನಗ ಹಾಕಿದ್ದು ಏನ್ರಿ?" ಎಂದು ಕೇಳಿದೆ.

"ದೇವಿ ಪ್ರಸಾದ ಮಗಳ."

"ಪ್ರಸಾದನೇ?"

"ಪ್ರಸಾದನೇ. ದೇವಿ ಮುಂದ ನಿಂತು ಸುಳ್ಳ ಹೇಳ್ತೀನೇನ ನಾ?" ಎಂದು ಎಲ್ಲರ ಮುಂದೆ ಎದೆ ಮುಟ್ಟಿಕೊಂಡು ಹೇಳಿದಳು. ಗೌಡರೂ ತಲೆಯಾಡಿಸಿದರು. ನಾನು ಉಡಿಯನ್ನು ಮತ್ತೆ ನಡುವಿಗೆ ಬಿಗಿ ಮಾಡಿಕೊಂಡೆ. ಹುಡುಗಿ ಮೆತ್ತಗಾದಳು ಎಂದು ಅವರಿಗೆ ಅನಿಸಿರಬೇಕು. ನನ್ನ ಮುಂದೆ ಹೋಳಿಗೆ ಇಟ್ಟರು, ನಾನು ಮುಟ್ಟಲಿಲ್ಲ.

ಬಿಸಿಲು ಇಳಿಯುವ ಮೊದಲು ನಮ್ಮನ್ನು ಬೀಳ್ಕೊಡಲು ಅರ್ಧ ಊರು ದಂಡೆಗೆ ಬಂತು. ಗೌಡಶಾನಿ ಎಲ್ಲರಿಗಿಂತ ಮುಂದೆ. ದೋಣಿಯ ಹತ್ತಿರ ಬಂದಾಗ ನಾನು ನಡುವಿನಿಂದ ಉಡಿ ಬಿಚ್ಚಿದೆ. ತೆಂಗಿನಕಾಯಿಯನ್ನು ಪಾವಟಿಗೆಯ ಕಲ್ಲಿಗೆ ಕುಕ್ಕಿದೆ. ಒಂದೇ ಏಟಿಗೆ ಎರಡು ಹೋಳಾಯಿತು, ನೀರು ನನ್ನ ಕಾಲ ಮೇಲೆ ಚೆಲ್ಲಿತು. ಕಲ್ಲಿನಿಂದಲೇ ಕೊಬ್ಬರಿಯನ್ನು ಚೂರು ಮಾಡಿ, ಬೆಲ್ಲ ಮುರಿದು, ಉತ್ತತ್ತಿ ಬಿಡಿಸಿ, ಮೊದಲು ಅಂಬಿಗನ ಮುಂದೆ ಹಿಡಿದೆ. "ಪ್ರಸಾದ ತಗೊರ್ರಿ. ದೇವಿದು." ಅವನು ಒಮ್ಮೆ ಗೌಡಶಾನಿಯ ಕಡೆ ನೋಡಿದ. ದೇವಿಯ ಪ್ರಸಾದವನ್ನು ಒಲ್ಲೆ ಎನ್ನುವುದು ಹೇಗೆ? ಎರಡೂ ಕೈ ಜೋಡಿಸಿ ಹಿಡಿದು, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡ.

"ಏ, ಏನ್ ಮಾಡ್ಲಾಕತ್ತಿ? ಉಡಿ ಹಂಚ್ತಾರೇನ ಯಾರರೆ?" ಗೌಡಶಾನಿಯ ದನಿ ನದಿಯ ಆಚೆಗೂ ಕೇಳುವ ಹಾಗಿತ್ತು.

"ಇದು ಉಡಿ ಅಲ್ರಿ ಅವ್ವಾರ. ಪ್ರಸಾದ ಅಂದ್ರಲ್ರಿ ನೀವ. ಎರಡ ಸಲ ಕೇಳೀನಿ. ಪ್ರಸಾದ ಒಬ್ಬಾಕಿ ಕಟಗೊಂಡು ಹೋದ್ರ ದೇವಿ ಮೆಚ್ತಾಳೇನ್ರಿ?"

ಸ್ನಾನ ಮಾಡುತ್ತಿದ್ದ ಪರ ಊರಿನ ಭಕ್ತರಿಗೆ ನಮ್ಮ ಜಗಳ ಗೊತ್ತಿಲ್ಲ. ಪ್ರಸಾದ ಎಂಬ ಮಾತು ಕೇಳಿ ಒದ್ದೆ ಕೈ ಚಾಚಿಕೊಂಡು ನನ್ನ ಸುತ್ತ ನೆರೆದರು. ನಾನು ಕೊಡುತ್ತ ಹೋದೆ. ಅಕ್ಕಿಯನ್ನು ಚಿಟಿಕೆ ಚಿಟಿಕೆ ತಲೆಯ ಮೇಲೆ ಹಾಕಿಕೊಂಡರು. ಕುಬಸದ ಖಣವನ್ನು ಒಬ್ಬ ಅಜ್ಜಿಯ ಹೆಗಲಿಗೆ ಹಾಕಿದೆ. ಅಪ್ಪ ಬಂದು ನನ್ನ ರಟ್ಟೆ ಹಿಡಿದು ಎಳೆದ. "ಮಾನ ಕಳೀತಿಯೇನ?" ಎಂದ. ನನ್ನ ಮಾನವನ್ನು ಸಂತೆಯಲ್ಲಿ ಅಡ್ಡಾಡಿಸಿದವನು ಈ ಮಾತು ಆಡುತ್ತಿದ್ದಾನಲ್ಲ ಎಂದು ನನಗೆ ಮೈಯೆಲ್ಲ ಬೆಂಕಿಯಾಯಿತು. ರಟ್ಟೆ ಬಿಡಿಸಿಕೊಂಡು ಅವನ ಮುಂದೆಯೂ ಒಂದು ಚೂರು ಹಿಡಿದೆ. ಅವನು ಮುಖ ತಿರುಗಿಸಿದ.

ಕೊನೆಗೆ ಒಂದೇ ಒಂದು ಚೂರು ಕೊಬ್ಬರಿ ಉಳಿಯಿತು. ಅದನ್ನು ತೆಗೆದುಕೊಂಡು ಅವ್ವನ ಮುಂದೆ ನಿಂತೆ.

ಗೌಡಶಾನಿ ಮುಂದೆ ಬಂದಳು. ಅವಳ ದನಿ ಈಗ ಇಳಿದಿತ್ತು. "ಬೀಗತಿ, ಕೇಳು. ಹುಡುಗಿ ತಿಳೀದೆ ಮಾಡ್ಯಾಳ, ನಾ ಮರೀತೀನಿ. ಅಕ್ಕಿ ಇನ್ನೊಮ್ಮೆ ತುಂಬೋಣ. ಖರೆ ನೀ ತಿಂದಿ ಅಂದ್ರ ಮುಗೀತು ನೋಡು. ಮಗಳ ಉಡಿಂದು ಹೆತ್ತಾಕಿ ಬಾಯಾಗ ಹಾಕಂಗಿಲ್ಲ." ಆ ಮಾತು ಎರಡೂ ದಂಡೆಯಲ್ಲಿ ಒಂದೇ. ಮಗಳ ಉಡಿಯ ಕಾಳು ಗಂಡನ ಮನೆಯ ಅನ್ನ, ಅದನ್ನು ತಾಯಿ ತಿಂದರೆ ಆ ಸಂಬಂಧವೇ ಇಲ್ಲ. ಅವ್ವ ತಿಂದರೆ ಅದು ಪ್ರಸಾದ. ತಿನ್ನದಿದ್ದರೆ ಅದು ಉಡಿ, ನಾನು ಈ ಊರಿನ ಸೊಸೆ.

ಅವ್ವ ನನ್ನ ಮುಖ ನೋಡಲಿಲ್ಲ. ಅಪ್ಪನನ್ನು ನೋಡಿದಳು. ಅಪ್ಪ ಬೇಡವೆಂದು ತಲೆಯಾಡಿಸುತ್ತಿದ್ದ. ಹುಟ್ಟಿದಾಗಿನಿಂದ ನಾನು ಕಂಡಂತೆ ಅಪ್ಪ ತಲೆಯಾಡಿಸಿದ ಮೇಲೆ ಅವ್ವ ಕೈ ಚಾಚಿದ್ದಿಲ್ಲ. ಈ ಸಲ ಕೋಟನ್ನು ಎಡಗೈಗೆ ಹಾಕಿಕೊಂಡು ಬಲಗೈ ಚಾಚಿದಳು. ಚೂರನ್ನು ಕಣ್ಣಿಗೆ ಒತ್ತಿಕೊಂಡಳು. ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

ಗೌಡಶಾನಿ ಅಂಬಿಗನ ಕಡೆ ತಿರುಗಿ, "ಆ ಪಟ ಬಿಚ್ಚಿಡೋ. ಬರೇ ಹುಟ್ಟಿನ ಮ್ಯಾಲ ಬಿಟ್ಟ ಬಾ ಇವರಿಗಿ" ಎಂದು ಹೇಳಿ ತಿರುಗಿ ನೋಡದೆ ಹೋದಳು. ಹಾಯಿ ಇದ್ದರೂ ಎದುರುಗಾಳಿಗೆ ಅದು ಕೆಲಸಕ್ಕೆ ಬರುತ್ತಿರಲಿಲ್ಲ. ಸಿಟ್ಟಿನಲ್ಲಿ ಅವಳಿಗೆ ಅದು ಹೊಳೆದಿರಲಿಕ್ಕಿಲ್ಲ.

ಆ ಸೋಮವಾರ ನಾನು ತರಬೇತಿಗೆ ಹೋಗಿ ಹಾಜರಾದೆ. ಅಪ್ಪ ಬಸ್ ಹತ್ತಿಸಲು ಬರಲಿಲ್ಲ, ಟ್ರಂಕನ್ನು ನಾನೇ ತಲೆಯ ಮೇಲೆ ಹೊತ್ತುಕೊಂಡು ರಸ್ತೆಗೆ ನಡೆದೆ. ಆದರೆ ಅದಕ್ಕಿಂತ ಮೊದಲು ದೋಣಿಯಲ್ಲಿ ನಡೆದದ್ದನ್ನು ಹೇಳಬೇಕು.

ಅಪ್ಪ ದೋಣಿಯ ಹಿಂದಿನ ತುದಿಯಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದ. ಅಂಬಿಗ ದಂಡೆಯ ಪಕ್ಕದಲ್ಲೇ, ಏದುಸಿರು ಬಿಡುತ್ತ ಹುಟ್ಟು ಹಾಕುತ್ತಿದ್ದ. ಅವ್ವ ಕೋಟಿನ ಕಿಸೆಗೆ ಕೈ ಹಾಕಿ ಸೀಟಿನ ಕಾಗದ ತೆಗೆದು, ಅದರ ಮಡಿಕೆಯನ್ನು ಒಮ್ಮೆ ಸವರಿ ನನ್ನ ಕೈಗೆ ಕೊಟ್ಟಳು. ಅವಳಿಗೆ ಓದಲು ಬರುತ್ತಿರಲಿಲ್ಲ.

"ನನಗೂ ಹಿಂಗೇ ಉಡಿ ತುಂಬಿದ್ರು" ಎಂದಳು, ಅಪ್ಪನಿಗೆ ಕೇಳದ ಹಾಗೆ. "ಹೊಲದಾಗ ಕಸಾ ತೆಗೀತಿದ್ದೆ. ಕರದು ಹಾಕಿದ್ರು. ಯಾತಕ್ಕಂತ ಕೇಳಲಿಲ್ಲ. ಮನಿಗೆ ಹೊತಗೊಂಡು ಹೋದೆ."

ಈ ಮಾತು ಕೇಳಿ ನನ್ನ ಮನಸ್ಸು ಕರಗಬೇಕಿತ್ತು ಎಂದು ಈ ಕತೆ ಕೇಳಿದವರೆಲ್ಲ ಅನ್ನುತ್ತಾರೆ. ಕರಗಲಿಲ್ಲ. ನನ್ನ ಸಿಟ್ಟು ಹೆಚ್ಚಾಯಿತು. ಅಪ್ಪನಿಗೆ ಆ ಸಂಕಟ ಗೊತ್ತಿರಲಿಲ್ಲ ಎನ್ನಬಹುದು, ಗೌಡಶಾನಿ ಪರಕೀಯಳು ಎನ್ನಬಹುದು. ಇವಳಿಗೆ ಎಲ್ಲ ಗೊತ್ತಿತ್ತು. ಅದು ಹೇಗಿರುತ್ತದೆ ಎಂಬುದನ್ನು ಸ್ವತಃ ಅನುಭವಿಸಿದವಳು ಇವಳೊಬ್ಬಳೇ.

"ಮತ್ತ ನನಗ ಯಾಕ ಮೊದಲ ಹೇಳಲಿಲ್ಲಬೇ ಯವ್ವಾ?" ಅಂದೆ.

ಅವ್ವ ಕೋಟನ್ನು ಮತ್ತೆ ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಅವಳ ಬಾಯಲ್ಲಿ ಆ ಕೊಬ್ಬರಿಯ ಚೂರು ಇನ್ನೂ ಇತ್ತು. ನಮ್ಮ ದಂಡೆ ಬರುವವರೆಗೂ ಅದನ್ನೇ ಅಗಿಯುತ್ತ ಕೂತಿದ್ದಳು.